ಜೋಡೆತ್ತಿನ ಕಾರು

ಹೈಬ್ರಿಡ್ ಎಂಬ ಪದ ನಮ್ಮ ಕಡೆಯ ಹೆಂಗಸರಿಗೆ ಹೊಸದೇನಲ್ಲ. ಕಾರಿನ ಕಂಪನಿಯವರು ಅದನ್ನು ತಾವೇ ಕಂಡುಹಿಡಿದವರಂತೆ ಜಾಹೀರಾತು ಕೊಡುವುದಕ್ಕೆ ಎಷ್ಟೋ ಮೊದಲೇ ಅದು ನಮ್ಮ ಹೊಲಕ್ಕೆ, ಕೊಟ್ಟಿಗೆಗೆ, ಕೊನೆಗೆ ಅಡುಗೆಮನೆಗೂ ಬಂದು ಕೂತಾಗಿತ್ತು. ಮೊದಲು ಹೈಬ್ರಿಡ್ ಜೋಳ ಬಂತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂತು. ಆಮೇಲೆ ಹೈಬ್ರಿಡ್ ಟೊಮ್ಯಾಟೊ ಬಂದು, ನಾಟಿ ಟೊಮ್ಯಾಟೊ ಸಾರಿನ ರುಚಿಯನ್ನು ಅಜ್ಜಿಯರ ಬಾಯಿಮಾತಿಗಷ್ಟೇ ಉಳಿಸಿತು. ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಡುವ ಮೊಮ್ಮಕ್ಕಳನ್ನು ಕಂಡರೆ "ಹೈಬ್ರಿಡ್ ತಳಿ, ಇನ್ನೇನು ಆದೀತು!" ಎಂದು ಮೂಗು ಮುರಿಯುವ ಹಿರಿಯರು ಈಗಲೂ ಇದ್ದಾರೆ.

ಅದಕ್ಕೇ, ಅಣ್ಣನ ಮಗ ಹೈಬ್ರಿಡ್ ಕಾರು ಕೊಳ್ಳುತ್ತಾನಂತೆ ಎಂಬ ಸುದ್ದಿ ಕೇಳಿದಾಗ ನನ್ನ ಅತ್ತಿಗೆಗೆ ನೆನಪಾದದ್ದು ಕಾರಲ್ಲ, ಹಸು. ಅವಳು ಇಪ್ಪತ್ತು ವರ್ಷ ಹೈಬ್ರಿಡ್ ಹಸು ಸಾಕಿದವಳು. "ಹಾಲು ದಿನಾ ಕಾಣ್ತದೆ ಕಣಮ್ಮ. ಖರ್ಚು ಮಾತ್ರ ಕಾಯಿಲೆ ಬಿದ್ದ ದಿನ ಒಂದೇ ಸಲ ಕಾಣ್ತದೆ" ಎಂದಳು. ಹೈಬ್ರಿಡ್ ಕಾರಿನ ಬಗ್ಗೆ ನಾನು ಆಮೇಲೆ ಓದಿದ್ದು, ಕೇಳಿದ್ದು, ಕೂಡಿ ಕಳೆದದ್ದು ಎಲ್ಲವೂ ಈ ಎರಡು ವಾಕ್ಯಕ್ಕೆ ಬರೆದ ವ್ಯಾಖ್ಯಾನ ಎಂದರೂ ಸರಿಯೇ.

ನನ್ನ ತವರು ವಳ್ಳೂರು, ಪಾವಗಡ ತಾಲ್ಲೂಕು. ಮೂರು ದಿಕ್ಕಿಗೆ ನಡೆದರೂ ಆಂಧ್ರ ಸಿಗುವ, ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುವ ಸೀಮೆ. ಮಳೆ ಬಂದ ವರ್ಷ ಕಡಲೆಕಾಯಿ, ಬಾರದ ವರ್ಷ ಸಾಲ. ಕೊಳವೆಬಾವಿ ಕೊರೆಸಿ ನೀರು ಬಾರದೆ ಕೂತವರು, ನೀರು ಬಂದರೂ ಮೋಟರ್ ಸುಟ್ಟುಕೊಂಡು ರೀವೈಂಡಿಂಗ್ ಅಂಗಡಿಯ ಮುಂದೆ ನಿಂತವರು ಮನೆಗೊಬ್ಬರಂತೆ ಸಿಗುತ್ತಾರೆ. ಇಂಥ ಸೀಮೆಗೆ ಸೌರ ವಿದ್ಯುತ್ ಪಾರ್ಕ್ ಬಂತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ವಳ್ಳೂರು ಈ ಐದು ಊರುಗಳ ಸುಮಾರು 13,000 ಎಕರೆ ಜಮೀನಿನ ಮೇಲೆ ಕಪ್ಪು ಗಾಜಿನ ಫಲಕಗಳು ಹರಡಿಕೊಂಡವು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಜಮೀನನ್ನು ಯಾರೂ ಮಾರಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ.

ಅಣ್ಣನದು ನಾಲ್ಕೆಕರೆ. ಮಳೆರಾಯನ ಮುಖ ನೋಡುವ ಕೆಲಸ ತಪ್ಪಿತು, ನಿಜ. ಆದರೆ ಹೊಲ ಹೋದ ಮೇಲೆ ಮೇವಿಗೆ ತತ್ವಾರವಾಗಿ ಅತ್ತಿಗೆಯ ಹಸುಗಳೂ ಹೋದವು. ಈಗ ಆ ಮನೆಗೆ ಗುತ್ತಿಗೆ ಹಣವೇ ರಾಗಿ, ಅದೇ ಕಡಲೆಕಾಯಿ, ಅದೇ ಹಾಲು. ಅಂಥ ಹಣವನ್ನು ಕಾರಿನ ಕಂತಿಗೆ ಕಟ್ಟುವ ಯೋಚನೆ ಮಗನದು. ಬೆಂಗಳೂರಿನಲ್ಲಿ ಮೂರು ವರ್ಷ ಬೇರೆಯವರ ಗಾಡಿ ಓಡಿಸಿ ಸಾಕಾದವನು; ಊರಿಗೆ ಬಂದು ಸ್ವಂತ ಗಾಡಿ ಬಾಡಿಗೆಗೆ ಬಿಡುತ್ತೇನೆ ಅಂತಾನೆ. ಅವನ ಕಣ್ಣಿಗೆ ಬಿದ್ದದ್ದು ಮೂರು ವರ್ಷ ದಾಟಿದ, 1,20,000 ಕಿಲೋಮೀಟರ್ ಓಡಿದ, ಹಳದಿ ಬೋರ್ಡಿನ ಒಂದು ಹೈಬ್ರಿಡ್ ಕಾರು. "ಅತ್ತೆ, ಪೆಟ್ರೋಲ್ ಕುಡಿಯೋದೇ ಇಲ್ಲ, ಮೂಸಿ ನೋಡ್ತದೆ ಅಷ್ಟೆ" ಎಂದು ಫೋನಿನಲ್ಲಿ ವರ್ಣಿಸಿದ. ತುಮಕೂರಿನಲ್ಲಿರುವವಳು, ಮನೆಯ ಜಮಾಖರ್ಚಿನ ಪುಸ್ತಕ ಬರೆದಿಡುವವಳು ಎಂಬ ಎರಡು ಅರ್ಹತೆಗಳ ಮೇಲೆ ಆ ಲೆಕ್ಕ ನನ್ನ ತಲೆಗೆ ಬಂತು.

ಹೈಬ್ರಿಡ್ ಕಾರೆಂದರೆ ಜೋಡೆತ್ತಿನ ಗಾಡಿ. ಒಂದು ಎತ್ತು ಪೆಟ್ರೋಲ್ ಇಂಜಿನ್, ಇನ್ನೊಂದು ವಿದ್ಯುತ್ ಮೋಟರ್. ನಿಂತಲ್ಲಿಂದ ಹೊರಡುವಾಗ, ಸಂದಿಗೊಂದಿಯಲ್ಲಿ ತೆವಳುವಾಗ ಮೋಟರ್ ಎಳೆಯುತ್ತದೆ. ಏರಿನಲ್ಲಿ ಎರಡೂ ಕೊರಳು ಕೊಡುತ್ತವೆ. ಬಯಲು ರಸ್ತೆಯಲ್ಲಿ ಇಂಜಿನ್ನಿನದೇ ಹೆಚ್ಚಿನ ದುಡಿಮೆ. ಬ್ರೇಕ್ ಒತ್ತಿದಾಗ ಚಕ್ರಗಳೇ ಮೋಟರನ್ನು ತಿರುಗಿಸಿ ಬ್ಯಾಟರಿಗೆ ಕರೆಂಟು ತುಂಬುತ್ತವೆ. ನಮ್ಮಲ್ಲಿ ಮಾರಾಟವಾಗುವ ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಪ್ಲಗ್ಗೇ ಇಲ್ಲ. "ಮನೆ ಮುಂದೆ ಇಷ್ಟು ಕರೆಂಟು ಬೆಳೀತೀವಿ, ಕಾರಿಗೆ ಪುಕ್ಕಟೆ ಹಾಕ್ಕೊಳ್ಳಬಹುದಲ್ಲ" ಎಂದ ಅಣ್ಣನ ಆಸೆಗೆ ಅಲ್ಲೇ ತಣ್ಣೀರು. ಪಾರ್ಕಿನ ಕರೆಂಟು ದೊಡ್ಡ ತಂತಿ ಹಿಡಿದು ಊರಾಚೆ ಹೋಗುತ್ತದೆ. ಹೈಬ್ರಿಡ್ ಕಾರು ತನ್ನ ಕರೆಂಟು ತಾನೇ ಮಾಡಿಕೊಳ್ಳುತ್ತದೆ. ಇನ್ನೊಂದು ಎಚ್ಚರ: ಹೆಸರಿನಲ್ಲಷ್ಟೇ ಹೈಬ್ರಿಡ್ ಆದ ಕಾರುಗಳೂ ಉಂಟು. ಅವುಗಳಲ್ಲಿ ಎರಡನೆಯದು ಎತ್ತಲ್ಲ, ಕರು. ಇಂಜಿನ್ನಿಗೆ ಒಂದಿಷ್ಟು ನೂಕುಬಲ ಕೊಡುತ್ತದೆಯೇ ಹೊರತು ಒಂಟಿಯಾಗಿ ಗಾಡಿ ಎಳೆಯದು. ಹೈಬ್ರಿಡ್ ಎಂದವರನ್ನು "ಬರೀ ಮೋಟರಿನಲ್ಲಿ ಓಡುತ್ತದೆಯೋ?" ಎಂದು ಕೇಳಿಬಿಟ್ಟರೆ ಗೊತ್ತಾಗುತ್ತದೆ.

ಈ ಗಾಡಿ ನಮಗೆ ಪರದೇಶದ್ದೂ ಅಲ್ಲ. ಟೊಯೊಟಾ ಕಿರ್ಲೋಸ್ಕರ್ ಕಂಪನಿ ನಮ್ಮಲ್ಲಿ ಹುಟ್ಟಿದ್ದು 1997ರ ಅಕ್ಟೋಬರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರಾಟಕ್ಕೆ ಬಂತು. ಇಡೀ ಬೀಗರ ಬಳಗವನ್ನು ಒಂದೇ ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದ ಕ್ವಾಲಿಸ್ ನೆನಪಿದೆಯಲ್ಲ? ಅದು ತಟ್ಟೆ ಇಡ್ಲಿಯ ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಬೀದಿಗಿಳಿಯಿತು. ಪ್ರಿಯಸ್ 2010ರಲ್ಲಿ ಇಲ್ಲಿಗೆ ಬಂದರೂ ಹಡಗಿನಲ್ಲಿ ಬಂದದ್ದರಿಂದ ಬೆಲೆ ಕೇಳಿಯೇ ಜನ ದೂರ ನಿಂತರು. 2013ರಲ್ಲಿ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಶುರುವಾಯಿತು. ಅದು ಸಾಹುಕಾರರ ಕಾರು. ಮಧ್ಯಮ ವರ್ಗದವರು ಕತ್ತು ಉದ್ದಮಾಡಿ ನೋಡುವಂಥ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದದ್ದು 2022ರಲ್ಲಿ. ಅಂದರೆ ನಮ್ಮ ಪೇಟೆಗಳಲ್ಲಿ ಓಡಾಡುವ ಹೈಬ್ರಿಡ್ಡುಗಳಲ್ಲಿ ಬಹುಪಾಲು ಇನ್ನೂ ಎಳೆಯವು. ಎಳೆಯ ಮಗುವಿನ ಆಸ್ಪತ್ರೆ ಖರ್ಚು ನೋಡಿ ಮುಪ್ಪಿನ ಖರ್ಚು ಹೇಳಲಾದೀತೇ?

ಮೊದಲು ಹಾಲಿನ ಲೆಕ್ಕ ನೋಡೋಣ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ಎಂದು ಹಿಡಿಯಿರಿ. ಸಾಮಾನ್ಯ ಕಾರು ಲೀಟರಿಗೆ 15 ಕಿಲೋಮೀಟರ್, ಅದೇ ಗಾತ್ರದ ಹೈಬ್ರಿಡ್ 22 ಕೊಡುತ್ತದೆ ಎಂದುಕೊಳ್ಳೋಣ. ಕಂಪನಿಯವರು ಹೇಳುವ ಅಂಕಿ ಇನ್ನೂ ದೊಡ್ಡದು, ಆದರೆ ಅದು ಹೆಣ್ಣು ನೋಡಲು ಬಂದ ದಿನದ ಉಪ್ಪಿಟ್ಟಿನ ಹಾಗೆ, ದಿನಾ ಸಿಗುವುದಿಲ್ಲ. ನೂರು ಕಿಲೋಮೀಟರಿಗೆ ಉಳಿಯುವುದು ಸುಮಾರು 212 ರೂಪಾಯಿ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ 21,200. ಈ ಮೊತ್ತ ಬರೆದು ನಾನೇ ಬೆರಗಾದೆ. ವಳ್ಳೂರಿನ ಒಂದೆಕರೆಯ ಮೊದಲ ವರ್ಷದ ಗುತ್ತಿಗೆಯೂ ಹೆಚ್ಚುಕಡಿಮೆ ಅಷ್ಟೇ ತಾನೆ! ಹೊಸ ಹೈಬ್ರಿಡ್ಡಿಗೆ ಸಾಮಾನ್ಯ ಕಾರಿಗಿಂತ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ, ಅದು ವಾಪಸು ಬರಲು ಹದಿನಾಲ್ಕು ವರ್ಷ ಬೇಕು. ಭಾನುವಾರ ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ತವರಿಗೆ ಹೋಗುವ ಸಂಸಾರದ ಲೆಕ್ಕ ಇದು. ವರ್ಷಕ್ಕೆ 25,000 ಕಿಲೋಮೀಟರ್ ಓಡಿಸುವವರಿಗೆ ಉಳಿತಾಯ 53,000. ಐದು ವರ್ಷ ಎಂಟು ತಿಂಗಳಿಗೆ ಮೂರು ಲಕ್ಷ ತೀರುತ್ತದೆ.

ಈಗ ಕಾಯಿಲೆಯ ಲೆಕ್ಕ. ಹೈಬ್ರಿಡ್ಡಿನ ದೊಡ್ಡ ಬ್ಯಾಟರಿಗೆ ಟೊಯೊಟಾದವರು ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಈ 'ಯಾವುದು ಮೊದಲೋ' ಎಂಬ ಪುಟ್ಟ ಮಾತಿನಲ್ಲಿದೆ ಎಲ್ಲ ಗುಟ್ಟು. ಕಡಿಮೆ ಓಡಿಸುವ ಸಂಸಾರಕ್ಕೆ ಎಂಟು ವರ್ಷ ತುಂಬಿದ ದಿನ ಉಳಿತಾಯ 1,70,000 ಮುಟ್ಟಿರುತ್ತದೆ. ಹೆಚ್ಚಿಗೆ ಕೊಟ್ಟ ಮೂರು ಲಕ್ಷದಲ್ಲಿ ಇನ್ನೂ 1,30,000 ಬಾಕಿ. ಅಷ್ಟರಲ್ಲೇ ವಾರಂಟಿ ಕೈಬಿಟ್ಟಿತು. ಹೆಚ್ಚು ಓಡಿಸುವವರಿಗೆ ಕಿಲೋಮೀಟರಿನ ಲೆಕ್ಕ ಮೊದಲು ಮುಗಿಯುತ್ತದೆ, ಆರು ವರ್ಷ ಐದು ತಿಂಗಳಿಗೆ. ಮೂರು ಲಕ್ಷ ತೀರಿದ ಮೇಲೆ ಸಿಗುವುದು ಬರೀ ಒಂಬತ್ತು ತಿಂಗಳು. ಕೈಯಲ್ಲಿ ಮಿಕ್ಕಿದ್ದು ನಲವತ್ತು ಸಾವಿರದ ಆಸುಪಾಸು. ಅಲ್ಲಿಂದ ಮುಂದೆ ಬ್ಯಾಟರಿ ಬಾಳಿದಷ್ಟು ದಿನವೂ ಲಾಭ. ಕೆಟ್ಟ ದಿನ ಬರುವ ಬಿಲ್ಲು ಟಯರಿನ ಲೆಕ್ಕದ್ದಲ್ಲ, ಒಡವೆಯ ಲೆಕ್ಕದ್ದು. ಕಾರಿಗೆ ವಯಸ್ಸಾಗಿ ಅದರ ಬೆಲೆ ಇಳಿದಿರುವಾಗ ಅಂಥ ಬಿಲ್ಲು ಬಂದರೆ ಅದಕ್ಕೆ ನಮ್ಮಲ್ಲಿ ಗಾದೆ ಸಿದ್ಧವಾಗಿದೆ: ಮೂಗಿಗಿಂತ ಮೂಗುತಿ ಭಾರ.

ಹಾಗೆಂದು ಎಂಟು ವರ್ಷ ತುಂಬಿದ ಮಾರನೆಯ ಬೆಳಿಗ್ಗೆ ಬ್ಯಾಟರಿ ಕಣ್ಣು ಮುಚ್ಚುತ್ತದೆ ಎಂದಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ಟ್ಯಾಕ್ಸಿಯಾಗಿ ದುಡಿದ ಮೊದಲ ಕಾಲದ ಪ್ರಿಯಸ್ ಮೂರು ಲಕ್ಷ ಕಿಲೋಮೀಟರ್ ದಾಟಿದ್ದುಂಟು. ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡದೆ, ಪೂರ್ತಿ ಖಾಲಿಯಾಗಲೂ ಬಿಡದೆ ಕಾರಿನ ಕಂಪ್ಯೂಟರೇ ನಡುಮಟ್ಟದಲ್ಲಿ ಇಟ್ಟುಕೊಳ್ಳುವುದರಿಂದ ಅದು ಬಹುಕಾಲ ಬಾಳುತ್ತದೆ. ಹಸಿವಿರುವಾಗಲೇ ಎಲೆಯಿಂದ ಏಳು ಎನ್ನುತ್ತಿದ್ದರಲ್ಲ, ಆ ನೀತಿ. ಆದರೆ ಬ್ಯಾಟರಿಗೆ ಬಿಸಿಲು ಆಗದು. ವ್ಯಾಂಕೂವರಿನ ಚಳಿ ಬೇರೆ, ಪಾವಗಡದ ಏಪ್ರಿಲ್ ಬೇರೆ.

ಚಿಲ್ಲರೆ ಖರ್ಚುಗಳಲ್ಲಿ ಹೈಬ್ರಿಡ್ಡಿಗೆ ಕೆಲವು ಲಾಭಗಳುಂಟು, ಹೇಳದಿದ್ದರೆ ಅನ್ಯಾಯವಾದೀತು. ಟೊಯೊಟಾ ಬಗೆಯ ಹೈಬ್ರಿಡ್ಡುಗಳಲ್ಲಿ ಕ್ಲಚ್ ಇಲ್ಲ, ಆದ್ದರಿಂದ ಸವೆಯುವ ಕ್ಲಚ್ ಪ್ಲೇಟಿಲ್ಲ. ಬೇರೆ ಸ್ಟಾರ್ಟರ್ ಮೋಟರಿಲ್ಲ, ಆಲ್ಟರ್ನೇಟರಿಲ್ಲ. ಅರ್ಧ ಬ್ರೇಕಿನ ಕೆಲಸವನ್ನು ಮೋಟರೇ ಮಾಡುವುದರಿಂದ ಬ್ರೇಕ್ ಪ್ಯಾಡು ನಿಧಾನವಾಗಿ ಸವೆಯುತ್ತದೆ. ಇಂಜಿನ್ ಆಯಿಲ್ಲು, ಫಿಲ್ಟರು, ಟಯರು ಇವೆಲ್ಲ ಸಾಮಾನ್ಯ ಕಾರಿನ ಹಾಗೇ. ಹೆಚ್ಚಿಗೆ ಬರುವುದು ಇನ್ವರ್ಟರಿಗೆ ಬೇಕಾದ ಕೂಲಂಟು, ಮತ್ತು ಬ್ಯಾಟರಿಗೆ ಗಾಳಿ ಹೊಡೆಯುವ ಫ್ಯಾನಿನ ಆರೈಕೆ. ಆ ಫ್ಯಾನು ಗಾಳಿ ಎಳೆದುಕೊಳ್ಳುವ ಕಿಂಡಿ ಕಾರಿನ ಒಳಗೇ ಇರುತ್ತದೆ. ಹಲವು ಮಾದರಿಗಳಲ್ಲಿ ಹಿಂದಿನ ಸೀಟಿನ ಬಳಿ. ನಾವು ತವರಿಂದ ತರುವ ಹುಣಸೆಹಣ್ಣಿನ ಚೀಲ, ಕಡಲೆಕಾಯಿ ಮೂಟೆ ಅದಕ್ಕೆ ಅಡ್ಡ ಕೂತರೆ ಬ್ಯಾಟರಿಗೆ ಉಸಿರು ಕಟ್ಟುತ್ತದೆ. ವಳ್ಳೂರಿನ ಧೂಳು ಗೊತ್ತಲ್ಲ, ಪಾರ್ಕಿನ ಫಲಕಗಳನ್ನೇ ಆಗಾಗ ತೊಳೆಯದಿದ್ದರೆ ಕರೆಂಟು ಇಳಿಯುತ್ತದೆ. ಆ ಧೂಳು ಫ್ಯಾನಿನ ಜಾಳಿಗೆಯಲ್ಲಿ ಕೂರದೆ ಇದ್ದೀತೇ? ಅದನ್ನು ತೆಗೆಸಿ ಚೊಕ್ಕಟ ಮಾಡಿಸುವ ಖರ್ಚು ಚಿಕ್ಕದು. ಮಾಡಿಸದೆ ಬಿಟ್ಟ ಖರ್ಚು ದೊಡ್ಡದು. ಕುಕ್ಕರಿನ ಸೀಟಿ ತೊಳೆಯದವರಿಗೆ ಮುಚ್ಚಳ ಹಾರುವ ಕಥೆ ನಾವು ಹೇಳಿಕೊಡಬೇಕೇ?

ಇನ್ನೊಂದು ತಮಾಷೆ ಕೇಳಿ. ಇಷ್ಟು ದೊಡ್ಡ ಬ್ಯಾಟರಿ ಹೊತ್ತ ಕಾರಿನಲ್ಲೂ 12 ವೋಲ್ಟಿನ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕಾರಿನ ಕಂಪ್ಯೂಟರನ್ನು ಎಬ್ಬಿಸುವುದು ಅದೇ. ಎರಡು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಿ ಆ ಸಣ್ಣದು ಖಾಲಿಯಾಯಿತೋ, ದೊಡ್ಡದರಲ್ಲಿ ಎಷ್ಟು ಕರೆಂಟಿದ್ದರೂ ಕಾರು ಮಿಸುಕಾಡದು. ಕಣಜದ ತುಂಬ ರಾಗಿ ಇದ್ದು ಬೀಗದ ಕೈ ಕಳೆದುಹೋದ ಹಾಗೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ನಿಂತ ಕಾರಿಗೆ ಇಲಿ ಬೇರೆ. ವೈರು ಕಡಿಯುವ ಇಲಿಗೆ ಹೈಬ್ರಿಡ್ಡು, ನಾಟಿ ಎಂಬ ಭೇದವಿಲ್ಲ. ಕಡಿದದ್ದನ್ನು ಸರಿಮಾಡಿಸುವ ನಮಗೆ ಇದೆ.

ಯಾಕೆಂದರೆ ಈ ಕಾರಿಗೆ ಊರ ಮೆಕ್ಯಾನಿಕ್ ಕೈಹಾಕುವಂತಿಲ್ಲ. ಒಳಗೆ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಅವುಗಳ ವೋಲ್ಟೇಜು ಮನೆಯ ಕರೆಂಟಿಗಿಂತಲೂ ಹೆಚ್ಚು. ಅದಕ್ಕೆ ತರಬೇತಿ ಪಡೆದವರೇ ಬೇಕು. ಹೊರಗಿನವರು ವೈರು ಕತ್ತರಿಸಿ ಒಂದು ದೀಪವೋ ಹಾರನ್ನೋ ಜೋಡಿಸಿದರೂ ವಾರಂಟಿಗೆ ತಕರಾರು ಬರಬಹುದು. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಮಧುಗಿರಿಯ ಬೆಟ್ಟ ನೋಡಿಕೊಂಡು ಹೋಗಿ ಬರುವುದು ವಿಹಾರಕ್ಕಾದರೆ ಚೆನ್ನ; ಕೆಟ್ಟ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವಾಗ ಬೆಟ್ಟ ಯಾರಿಗೆ ಕಾಣುತ್ತದೆ? ಒಂದು ಸರ್ವಿಸಿಗೆ ಒಂದು ದಿನದ ಬಾಡಿಗೆ ಹೋಯಿತು, ಇನ್ನೂರು ಕಿಲೋಮೀಟರಿನ ಪೆಟ್ರೋಲ್ ಹೋಯಿತು. ಈ ಖರ್ಚು ಯಾವ ಶೋರೂಮಿನ ಕಾಗದದಲ್ಲೂ ಇರುವುದಿಲ್ಲ, ಮನೆಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಹೈಬ್ರಿಡ್ ಹಸುವಿಗೂ ಹೀಗೇ ಅಲ್ಲವೇ? ಹಸು ಚೆನ್ನಾಗಿದ್ದರೆ ಸಾಲದು, ಡಾಕ್ಟರು ಹತ್ತಿರ ಇರಬೇಕು.

ಇನ್ನು ಆ ಹಳದಿ ಬೋರ್ಡಿನ ಕಾರಿನ ಸಂಗತಿ. 1,20,000 ಕಿಲೋಮೀಟರ್ ಆಗಿದೆ ಎಂದರೆ ವಾರಂಟಿಯಲ್ಲಿ ಉಳಿದದ್ದು 40,000. ವರ್ಷಕ್ಕೆ 25,000 ಓಡಿಸಿದರೆ ಒಂದು ವರ್ಷ ಏಳು ತಿಂಗಳು. ಸಾಲದ ಕಂತು ಐದು ವರ್ಷ. ಅಂದರೆ ಮೂರೂವರೆ ವರ್ಷ ಹತ್ತಿರ ಹತ್ತಿರ ಕಂತು ಇರುತ್ತದೆ, ವಾರಂಟಿ ಇರುವುದಿಲ್ಲ, ಗುತ್ತಿಗೆ ಹಣ ಪೂರ್ತಿ ಬ್ಯಾಂಕಿಗೆ ಹೋಗಿರುತ್ತದೆ. ಆಗ ಬ್ಯಾಟರಿ ಮಲಗಿದರೆ? "ಒಳಗಿನ ಸೆಲ್ಲು ಮಾತ್ರ ಬದಲಿಸಿ ಕೊಡೋರು ಬೆಂಗಳೂರಲ್ಲಿ ಇದ್ದಾರೆ ಅತ್ತೆ" ಎಂದ. ಇದ್ದಾರು. ಪ್ರಿಯಸ್ಸಿನ ಬ್ಯಾಟರಿಯಲ್ಲಿ 28 ತುಂಡುಗಳಿರುತ್ತವೆ, ಕೆಟ್ಟ ಒಂದೆರಡನ್ನು ತೆಗೆದು ಬೇರೆ ಹಾಕುವುದುಂಟು. ಆದರೆ ಮಿಕ್ಕವಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಹಳೆ ಸೀರೆಗೆ ಹೊಸ ತೇಪೆ ಹಾಕಿದರೆ ಮುಂದಿನ ಸಲ ಹರಿಯುವುದು ತೇಪೆಯ ಪಕ್ಕದಲ್ಲೇ.

ಹಾಗಾದರೆ ಹೈಬ್ರಿಡ್ ಕೊಳ್ಳಲೇಬಾರದೇ? ನಾನು ಹಾಗೆ ಹೇಳಲಾರೆ. ಬೆಂಗಳೂರಿನಂಥ ಊರಿನಲ್ಲಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತ ದಿನಾ ಅರವತ್ತು ಎಪ್ಪತ್ತು ಕಿಲೋಮೀಟರ್ ಓಡಿಸುವವರಿಗೆ, ಸರ್ವಿಸ್ ಹತ್ತಿರವಿರುವವರಿಗೆ ಅದು ಒಪ್ಪುವ ಗಾಡಿ. ನಿಂತು ಹೊರಡುವ ಓಡಾಟದಲ್ಲೇ ಅದರ ಉಳಿತಾಯ ಹೆಚ್ಚು. ನಮ್ಮ ಕಡೆಯ ಖಾಲಿ ರಸ್ತೆಯಲ್ಲಿ ಒಂದೇ ಓಟಕ್ಕೆ ಹೋಗುವವರಿಗೆ ಆ ಲಾಭ ಕಡಿಮೆ, ಡಾಕ್ಟರು ದೂರ. ಸರ್ಕಾರದ ತೆರಿಗೆಯೂ ಈ ಗಾಡಿಯನ್ನು ಅಷ್ಟೇನೂ ಮುದ್ದು ಮಾಡಿಲ್ಲ. 2025ರ ಸೆಪ್ಟೆಂಬರಿನ ಬದಲಾವಣೆಯ ಮೇಲೆ ದೊಡ್ಡ ಹೈಬ್ರಿಡ್ಡಿಗೆ ಶೇಕಡಾ 40 ಜಿಎಸ್‌ಟಿ, ಪೂರ್ತಿ ವಿದ್ಯುತ್ ಕಾರಿಗೆ ಶೇಕಡಾ 5. ಕೊಳ್ಳುವವರು ಮೂರು ಕಾಗದ ಕೇಳಬೇಕು. ಮೊದಲನೆಯದು ಸರ್ವಿಸ್ ಪುಸ್ತಕ, ಎರಡನೆಯದು ಬ್ಯಾಟರಿಯ ಆರೋಗ್ಯ ತಪಾಸಣೆಯ ವರದಿ. ಮೂರನೆಯದು ಹೊಸ ಬ್ಯಾಟರಿಗೆ ಇವತ್ತಿನ ದರ ಎಷ್ಟು, ಬಾಡಿಗೆ ಗಾಡಿಗೂ ವಾರಂಟಿ ನಡೆಯುತ್ತದೆಯೇ ಎಂಬುದಕ್ಕೆ ಬರಹದಲ್ಲಿ ಉತ್ತರ. ಬಾಯಿಮಾತು ಬೇಡ.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ವಳ್ಳೂರಿಗೆ ಹೋದೆ. ಅಣ್ಣ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಅಣ್ಣನ ಮಗ ಮುಖ ಊದಿಸಿಕೊಂಡು ಜಗುಲಿಯಲ್ಲಿ ಕೂತ. ಅವನ ಸಂಕಟ ನನಗೆ ತಿಳಿಯದ್ದಲ್ಲ. ಹೊಲವಿಲ್ಲದ ಊರಿನಲ್ಲಿ ಹುಡುಗ ಸ್ವಂತದ್ದು ಎಂದು ಏನನ್ನು ಹಿಡಿದುಕೊಳ್ಳಬೇಕು? ಅವನಿಗೆ ಅದು ಕಾರಲ್ಲ, ನಾಲ್ಕೆಕರೆಗೆ ಬದಲು ಸಿಗುವ ನೇಗಿಲು. ಹಾಗಾಗಿ ಬೇಡ ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಮಾತಾಡಿದ್ದು ಅತ್ತಿಗೆ. "ಪೆಟ್ರೋಲಲ್ಲಿ ಕಿಲೋಮೀಟರಿಗೆ ಎಷ್ಟು ಉಳೀತದೆ ಅಂದೆ?" ಎಂದು ಕೇಳಿದಳು. ಎರಡು ರೂಪಾಯಿ ಎಂದೆ. "ಹಂಗಾದ್ರೆ ಒಂದು ರೂಪಾಯಿ ಅವನು ಇಟ್ಕೊಳ್ಳಲಿ, ಒಂದು ರೂಪಾಯಿ ಬ್ಯಾಟರಿಗೆ. ಉಳೀತು ಉಳೀತು ಅಂತ ಎರಡೂ ತಿಂದ್ರೆ ಅದು ಉಳಿದದ್ದಲ್ಲ, ಸಾಲ." ಹಾಲಿನ ದುಡ್ಡಿನಲ್ಲಿ ಲೀಟರಿಗಿಷ್ಟು ಎಂದು ಹಸುವಿನ ಔಷಧಿಗೆ ತೆಗೆದಿಟ್ಟು ಇಪ್ಪತ್ತು ವರ್ಷ ನಡೆಸಿದ ಹೆಂಗಸು ಅವಳು. ಆಮೇಲೆ ಮಗನಿಗೆ ಎರಡು ಷರತ್ತು ಹಾಕಿದಳು. ಸರ್ವಿಸ್ ಪುಸ್ತಕ ತೋರಿಸದ ಗಾಡಿ ಬೇಡ. ಗುತ್ತಿಗೆ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿಗೆ ಬೇಡ. ಹಳದಿ ಬೋರ್ಡಿನ ಕಾರಿನವನು ಪುಸ್ತಕ ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ ಎಂದು ಹದಿನೈದು ದಿನ ತಳ್ಳಿದ. ಆ ಮಾತು ಅಲ್ಲಿಗೇ ನಿಂತಿತು. ಹುಡುಗ ಈಗ ಕಡಿಮೆ ಓಡಿದ ಬೇರೆ ಗಾಡಿ ಹುಡುಕುತ್ತಿದ್ದಾನೆ. ಹೈಬ್ರಿಡ್ಡೇ ಆಗಬೇಕು ಎಂಬ ಹಟ ಸ್ವಲ್ಪ ಸಡಿಲವಾಗಿದೆ, ಕಾರು ಬೇಕೆಂಬುದು ಹಾಗೇ ಇದೆ.

ಮೊನ್ನೆ ಫೋನ್ ಮಾಡಿದಾಗ ಅಣ್ಣ ನಗುತ್ತಿದ್ದ. ಅತ್ತಿಗೆ ಅಂಚೆ ಕಚೇರಿಯಲ್ಲಿ ತಿಂಗಳಿಗೆ ಎರಡು ಸಾವಿರದ ಆರ್.ಡಿ. ಶುರು ಮಾಡಿದ್ದಾಳಂತೆ, ಬ್ಯಾಟರಿಗೆ. ಕಾರೇ ಬಂದಿಲ್ಲ! "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾವ್ಳೆ ನೋಡು ನಿಮ್ಮತ್ತಿಗೆ" ಎಂದ. ಹಿಂದಿನಿಂದ ಅವಳ ದನಿ ಕೇಳಿಸಿತು: "ಕುಲಾವಿ ಅಲ್ಲ, ಅದು ಗ್ರೈಪ್ ವಾಟರ್ ದುಡ್ಡು. ಹೊಟ್ಟೆನೋವು ಹೇಳಿ ಬರ್ತದಾ?"